ಇಡ್ಲಿ ಪಾತ್ರೆ ಹೊತ್ತು ಟಿಗ್ ಯಂತ್ರ ಹುಡುಕಿದ ಶನಿವಾರ

2014ರ ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಅಪ್ಪ ಮತ್ತು ನಾನು ಡೊಂಬಿವಲಿಯಿಂದ ಹೊರಟೆವು. ನನಗೆ ಅಲ್ಯೂಮಿನಿಯಂ ಬೆಸೆಯುವ ಟಿಗ್ ವೆಲ್ಡಿಂಗ್ ಯಂತ್ರ ಬೇಕಿತ್ತು. ರಜಾದಿನದ ಹುಚ್ಚು, ಅಷ್ಟೆ. ಕೈಯಲ್ಲಿದ್ದದ್ದು ಮೂವತ್ತು ಸಾವಿರ. ಅಪ್ಪನ ಕಂಕುಳಲ್ಲಿ ಅವರ ಕ್ಯಾಂಟೀನಿನ ಮೊದಲ ಅಲ್ಯೂಮಿನಿಯಂ ಇಡ್ಲಿ ಪಾತ್ರೆ. ಕುಂದಾಪುರದಿಂದ ಮುಂಬೈ ಕಡೆಗೆ ಬಂದ ವರ್ಷ ಕೊಂಡದ್ದು, ಈಗ ತಳದಲ್ಲಿ ಬೆರಳುದ್ದ ಬಿರುಕು. ಬೆಸೆಯಲಾಗದಿದ್ದರೆ ಸೋಮವಾರ ಗುಜರಿ ಕೊಳ್ಳುವ ಭಂಗಾರಿನವನಿಗೆ ಎಂದು ಅಮ್ಮ ತೀರ್ಪು ಕೊಟ್ಟಾಗಿತ್ತು.

"ಪಾತ್ರೆ ಈಗಲೇ ಯಾಕಪ್ಪ? ಮೊದಲು ಯಂತ್ರ ಬರಲಿ."

"ಒಂದು ಮುಷ್ಟಿ ಬೇಯಿಸಿ ನೋಡದೆ ನಾನು ಯಾವತ್ತಾದ್ರೂ ಅಕ್ಕಿ ಮೂಟೆ ತಂದದ್ದುಂಟಾ? ಅಂಗಡಿಯವ ಇದಕ್ಕೇ ಹಚ್ಚಿ ತೋರಿಸಲಿ, ಮಾರಾಯ."

ಕಲ್ಯಾಣಕ್ಕೆ ಐದು ರೂಪಾಯಿ ಟಿಕೆಟ್. ಲೋಕಲ್ ರೈಲಿನಲ್ಲಿ ನಾನು ಘೋಷಣೆಯ ಹೆಂಗಸಿನ ಸ್ವರ ತೆಗೆದು ಮೂರೂ ಭಾಷೆಯಲ್ಲಿ "ಮುಂದಿನ ನಿಲ್ದಾಣ ಕಲ್ಯಾಣ" ಎಂದೆ. ಒಬ್ಬ ಕಾಕಾ ನಂಬಿ ಒಂದು ನಿಲ್ದಾಣ ಮೊದಲೇ, ಠಾಕುರ್ಲಿಯಲ್ಲೇ ಇಳಿಯಲು ಎದ್ದುನಿಂತರು. ಅಪ್ಪ ನಾನು ಯಾರೋ ಎಂಬಂತೆ ಕಿಟಕಿಯತ್ತ ತಿರುಗಿದರು.

ಕಲ್ಯಾಣದ ಅಂಗಡಿಯವನು ಹದಿನಾಲ್ಕು ಸಾವಿರದ ಯಂತ್ರದಲ್ಲಿ ಎರಡು ಸ್ಟೀಲ್ ಪಟ್ಟಿಗಳನ್ನು ಸರ ಪೋಣಿಸಿದಷ್ಟು ಅಂದವಾಗಿ ಬೆಸೆದ. "ಸಬ್ ಚಲೇಗಾ, ಬಾಸ್!" ಯಾವ ಲೋಹಕ್ಕೂ ಆಗುತ್ತದೆ ಎಂದ. ನನ್ನ ಕೈ ಆಗಲೇ ಜೇಬಿನಲ್ಲಿತ್ತು. ಅಪ್ಪ ಪಾತ್ರೆ ಮುಂದೊಡ್ಡಿದರು. ಅವನು ಹಚ್ಚಿದೊಡನೆ ಬಿರುಕಿನ ಪಕ್ಕ ಮಸಿ ಹಿಡಿಯಿತು. ಮರುಕ್ಷಣ ಲೋಹ ಕುಸಿದು ರೂಪಾಯಿ ನಾಣ್ಯದಷ್ಟು ತೂತು ಬಿತ್ತು.

"ಆಪ್ಕಾ ಬರ್ತನ್ ಹೀ ಖರಾಬ್ ಹೈ," ಎಂದು ಅವನು ತಪ್ಪನ್ನು ಪಾತ್ರೆಯ ಮೇಲೆಯೇ ಹಾಕಿದ.

ಅಲ್ಲಿಂದ ಠಾಣೆ ಊರಿಗೆ ಹತ್ತು ರೂಪಾಯಿ ಟಿಕೆಟ್. ಅಲ್ಲಿನ ಕೋಪರಿ ಬಡಾವಣೆಯಲ್ಲಿ ವಡಾಪಾವ್ ತಿಂದೆವು. ಅಲ್ಲಿನ ಅಂಗಡಿಯ ಯಂತ್ರ ಇನ್ನೂ ದುಬಾರಿ, ತೂತು ಇನ್ನೂ ದೊಡ್ಡದು.

"ಇನ್ನೊಂದು ಅಂಗಡಿಗೆ ಹೋದ್ರೆ ಇದು ಬೂಂದಿ ಸೌಟು ಆಗ್ತದೆ ಅಪ್ಪ."

ಅವರು ನಗಲಿಲ್ಲ. "ನಿನ್ನ ಕಾಲೇಜು ಫೀಸು ಬೆಂದದ್ದು ಇದರಲ್ಲೇ," ಎಂದಷ್ಟೇ ಹೇಳಿದರು.

ಮೂರು ಗಂಟೆಗೆ ನವಿ ಮುಂಬೈಯ ಘಣಸೋಲಿ, ಅದರ ಹಳೆ ಊರಿನ ಗಲ್ಲಿ. ಹುಬ್ಬಳ್ಳಿ ಕಡೆಯ ವೆಲ್ಡರ್ ಒಬ್ಬರು ದೊಡ್ಡ ಯಂತ್ರ ತರಿಸಿ ಹಳೆಯದನ್ನು ಮಾರುತ್ತಿದ್ದಾರೆಂದು ಕ್ಯಾಂಟೀನಿನ ಗಿರಾಕಿಯೊಬ್ಬರು ಹೇಳಿದ್ದರು. ಪಾತ್ರೆ ಕಂಡೊಡನೆ ಅವರು ನಕ್ಕರು.

"ಇವೆರಡೂ ಡಿಸಿ ಮಷಿನ್ ಮಾಡಿದ ತೂತು, ತಮ್ಮಾ. ಅಲ್ಯೂಮಿನಿಯಂ ಮೈಮ್ಯಾಲ ಒಂದು ಪೊರಿ ಇರತೈತಿ. ಅದನ್ನ ಹರಿಯಾಕ ಎಸಿ ಕರೆಂಟ್ ಬೇಕು."

"ಮೈಮ್ಯಾಲ ಪೊರಿ ಇರತೈತೇನ್ರೀ?" ಅವರ ಸ್ವರವನ್ನೇ ಅವರಿಗೆ ಮರಳಿಸಿದೆ.

"ನನ್ನಂಗ ಮಾತಾಡಿದ್ದು ಸಾಕು. ನನ್ನಂಗ ಹಚ್ಚಿ ತೋರಸು," ಎಂದರು.

ಎಸಿ, ಡಿಸಿ ಎರಡೂ ಇದ್ದ ಆ ಹಳೆ ಯಂತ್ರಕ್ಕೆ ಪೆಡಲ್ ಸೇರಿ ಇಪ್ಪತ್ತೆಂಟು ಸಾವಿರ. ಆರ್ಗಾನ್ ಗ್ಯಾಸ್ ಸಿಲಿಂಡರ್ ಬೇರೆ ಬಾಡಿಗೆಗೆ. ಎರಡು ತೂತುಗಳನ್ನು ಅವರೇ ನುಣ್ಣಗೆ ಮುಚ್ಚಿದರು. ಬಿರುಕನ್ನು ನನಗೆ ಬಿಟ್ಟು ವೆಲ್ಡಿಂಗ್ ಟಾರ್ಚ್ ಕೈಗಿತ್ತರು. ನಾನು ಅಪ್ಪನ ಮುಖ ನೋಡಿದೆ.

"ಹಚ್ಚು ಮಗಾ. ಹೋದ್ರೆ ಹೋಯ್ತು."

ಹೊಲಿಗೆ ಯಂತ್ರದಂಥ ಪೆಡಲ್. ಹೆಚ್ಚು ಒತ್ತಿದರೆ ಲೋಹ ಕುಸಿಯುತ್ತದೆ, ಕಡಿಮೆಯಾದರೆ ಕರಗುವುದೇ ಇಲ್ಲ. ಮುಖವಾಡದೊಳಗೆ ಬೆವರು ಕಣ್ಣಿಗಿಳಿಯಿತು. ಮುಗಿಸಿದಾಗ ಬಿರುಕಿನ ಮೇಲೆ ಊದಿಕೊಂಡ ಜರಿಹುಳವೊಂದು ಅಡ್ಡ ಮಲಗಿದಂತಿತ್ತು. ಪಾತ್ರೆ ಆರಿದ ಮೇಲೆ ಅಪ್ಪ ಬಾಟಲಿಯ ನೀರು ಸುರಿದು ಎತ್ತಿ ಹಿಡಿದರು. ವೆಲ್ಡರೂ ನಾನೂ ಕುಕ್ಕರುಗಾಲಲ್ಲಿ ಕೂತು ತಳ ನೋಡಿದೆವು. ಒಂದು ನಿಮಿಷ. ಎರಡು. ಹನಿ ಬೀಳಲಿಲ್ಲ.

"ಬಾಯಿ ಮುಚ್ಚಿದ್ರೆ ನಿನ್ನ ಕೈ ಕೆಲಸ ಮಾಡ್ತದೆ," ಎಂದ ಅಪ್ಪ ವೆಲ್ಡರ್ ಕಡೆ ತಿರುಗಿದರು. "ಕಟ್ಟಿ ಕೊಡಿ ಮಷಿನ್."

ಸಂಜೆ ಠಾಣೆಯಿಂದ ಮನೆ ಕಡೆಯ ಲೋಕಲ್ಲಿನ ಲಗೇಜ್ ಡಬ್ಬಿ ಹತ್ತಿದೆವು. ಯಂತ್ರ ನನ್ನ ಕಾಲ ಬಳಿ, ಪಾತ್ರೆ ಅಪ್ಪನ ತೊಡೆಯ ಮೇಲೆ ಕವುಚಿ. ಎದುರು ಕೂತಿದ್ದ ಮೀನು ಮಾರುವ ಮೌಶಿ, ಇಷ್ಟು ಸೊಟ್ಟ ಕೆಲಸ ಮಾಡಿದವನು ಯಾರೆಂದು ಮರಾಠಿಯಲ್ಲಿ ಕೇಳಿದಳು.

"ಮಾಝಾ ಮುಲ್ಗಾ." ನನ್ನ ಮಗ ಎಂದ ಅಪ್ಪ, ಅವಳಿಗೆ ಸರಿಯಾಗಿ ಕಾಣಲೆಂದು ಪಾತ್ರೆಯನ್ನು ಬೆಳಕಿನ ಕಡೆ ತಿರುಗಿಸಿದರು.