ಕೊಂಬಿನಕ್ಕನ ಕಣ್ಣು ಜಾರಿದ ಸಾಲು

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಕೊಂಬಿನಕ್ಕ ಅನ್ನುತ್ತಿದ್ದರು. ಇಪ್ಪತ್ತಾರು ವರ್ಷ ಕರಡು ತಿದ್ದಿದವಳು. ಸಾಲಿನ ಕೆಳಗೆ ಸ್ಕೇಲ್ ಇಟ್ಟು, ತುಟಿ ಅಲ್ಲಾಡಿಸುತ್ತ ಓದಲು ಕೂತಳೆಂದರೆ ಬಿಟ್ಟುಹೋದ ಕೊಂಬು, ದೀರ್ಘ, ಒತ್ತು ಯಾವುದೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಒಮ್ಮೆ ಮಾಲೀಕರು ಅವಳ ಮೇಜಿಗೂ ಕಂಪ್ಯೂಟರ್ ತಂದಿಟ್ಟು, “ಇನ್ನು ಇದರಲ್ಲೇ ನೋಡಿಬಿಡಿ. ಕಷ್ಟ ಆದ್ರೆ ಹೇಳಿ, ಪ್ರಿಂಟ್ ತೆಗೆಸಿಕೊಡ್ತೀನಿ” ಎಂದರು.

ಪರದೆಯ ಮೇಲೆ ಅವಳ ಕಣ್ಣು ನಿಲ್ಲುತ್ತಿರಲಿಲ್ಲ. ಸಾಲು ಮೇಲೆ ಸರಿದಂತೆ ಕಣ್ಣೂ ಜಾರುತ್ತಿತ್ತು. ಆದರೆ ಟೈಪ್ ಮಾಡುವ ಹುಡುಗಿಯ ಎದುರು ಹಳೇ ಕಾಲದವಳು ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ. “ಕಷ್ಟ ಏನು ಬಂತು? ಎಲ್ಲಿದ್ರೂ ಅಕ್ಷರ ಅಕ್ಷರಾನೇ” ಅಂದುಬಿಟ್ಟಳು.

ಕೆಲವು ತಿಂಗಳ ಮೇಲೆ ಬಡಗಿಯೊಬ್ಬ ತೀರಿಹೋದ ತಾಯಿಯ ನೆನಪಿಗೆ ಪುಟ್ಟ ಪುಸ್ತಕ ಮಾಡಿಸಿದ. ತಾಯಿ ಹೆರಿಗೆ ಮಾಡಿಸುತ್ತಿದ್ದವಳು. ಮೊದಲ ಪುಟಕ್ಕೆ ಅವನೇ ಬರೆದ ಸಾಲು: ‘ನಮ್ಮಮ್ಮನದು ಊರಿಗೆಲ್ಲ ಕೊಟ್ಟ ಕೈ.’

ಇನ್ನೂರು ಪ್ರತಿ ಅಚ್ಚಾಗಿ ಹೋದ ಮೂರನೇ ದಿನ ಅವನು ಒಂದನ್ನು ಹಿಡಿದು ಬಂದು, ಆ ಸಾಲಿನ ಮೇಲೆ ಬೆರಳಿಟ್ಟ. ‘ಊರಿಗೆಲ್ಲ ಕೆಟ್ಟ ಕೈ.’

ಮಾಲೀಕರು ಹುಡುಗಿಯ ಕಡೆ ತಿರುಗಿದರು. “ಟೈಪ್ ಮಾಡುವಾಗ ಕಣ್ಣೆಲ್ಲಿತ್ತು?”

“ಅಕ್ಕ ನೋಡಿ ಸರಿಯಿದೆ ಅಂದ್ರು, ಸರ್.”

ಕೊಂಬಿನಕ್ಕನ ಬಾಯಿಂದ ಮಾತು ತಾನಾಗಿ ಬಂತು: “ನಾನು ನೋಡಿದಾಗ ಸರಿಯಾಗೇ ಇತ್ತು. ಆಮೇಲೆ ಕೀಲಿಗೆ ಕೈ ತಾಗಿರಬೇಕು.”

ಹುಡುಗಿ ಅವಳನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. ಬೈಗುಳವೆಲ್ಲ ಅವಳ ಪಾಲಿಗೆ ಬಿತ್ತು.

ಸಂಜೆ ಮನೆಯಲ್ಲಿ ಕೊಂಬಿನಕ್ಕ ಆ ಪುಸ್ತಕವನ್ನು ಸ್ಕೇಲ್ ಇಟ್ಟು ಓದಿದಳು. ಇನ್ನೂ ಮೂರು ಸಣ್ಣ ತಪ್ಪು ಸಿಕ್ಕವು. ನಾಲ್ಕು ಕಡೆಯೂ ಕೈ ತಾಗಿರಲಾರದು. ಊಟದ ತಟ್ಟೆ ಮುಂದಿಟ್ಟ ಗಂಡನ ಮುಖ ನೋಡಲೂ ಆಗಲಿಲ್ಲ.

ಬೆಳಿಗ್ಗೆ ಹುಡುಗಿಯ ಎದುರಿಗೇ ಮಾಲೀಕರಿಗೆ ಹೇಳಿದಳು: “ನಿನ್ನೆ ನಾನು ಸುಳ್ಳು ಹೇಳಿದೆ. ಪರದೆ ಮೇಲೆ ನನಗೆ ಓದೋಕೆ ಬರಲ್ಲ. ಕೇಳೋಕೆ ನಾಚಿಕೆ ಆಯ್ತು.” ಮಾಲೀಕರು ಕನ್ನಡಕ ಒರೆಸಿಕೊಂಡರು. ಹುಡುಗಿ ಕೀಲಿಮಣೆಯಿಂದ ಕಣ್ಣೆತ್ತಲಿಲ್ಲ.

ಅಲ್ಲಿಂದ ಕಪ್ಪು ಪೆನ್ನು ಹಿಡಿದು ಬಡಗಿಯ ಮನೆಗೆ ಹೋದಳು. ತಪ್ಪು ನನ್ನದೇ ಎಂದಳು; ಬೈಯಲಿ ಎಂದೇ ಹೋದದ್ದು. ಅವನು ಬೈಯಲಿಲ್ಲ.

“ಅಚ್ಚಿಗೆ ಮೊದಲು ಪುಟಗಳನ್ನ ನನ್ನ ಫೋನಿಗೂ ಕಳಿಸಿದ್ರಮ್ಮ. ಬೆರಳಲ್ಲಿ ಮೇಲೆ ತಳ್ಳಿ ‘ಸರಿ’ ಅಂದವನು ನಾನೇ. ಹೆತ್ತ ಮಗ ನೋಡಲಿಲ್ಲ, ನಿಮ್ಮನ್ನೇನು ಅನ್ನಲಿ?”

ಆ ಮಾತು ಅವಳನ್ನು ಹಗುರ ಮಾಡಲಿಲ್ಲ. ಅವನಾದರೂ ತಪ್ಪನ್ನು ಬೇರೆಯವರ ತಲೆಗೆ ಕಟ್ಟಿರಲಿಲ್ಲ.

ಇಬ್ಬರೂ ನೆಲದ ಮೇಲೆ ಕೂತರು. ಅವನು ಪುಟ ತೆರೆದು ಕೊಟ್ಟ ಹಾಗೆ ಅವಳು ಇಕ್ಕಟ್ಟಿನ ಜಾಗದಲ್ಲಿ ‘ಕೆ’ಗೆ ಬಾಲ ಎಳೆದು ‘ಕೊ’ ಮಾಡಿದಳು, ನೂರ ನಲವತ್ತು ಸಲ. ಉಳಿದ ಅರವತ್ತು ಯಾರ್ಯಾರ ಮನೆ ಸೇರಿದ್ದವೋ ಅವನಿಗೂ ನೆನಪಿರಲಿಲ್ಲ.