ಮಗ್ಗದ ಸದ್ದಿನ ಕುರ್ಚಿ

ಲೈಪ್‌ಜಿಗ್‌ಗೆ ಬಂದ ಹೊಸತರಲ್ಲಿ ಒಂದು ಭಾನುವಾರ ಮಿಕ್ಸಿಯಲ್ಲಿ ಕಾಯಿಚಟ್ನಿ ರುಬ್ಬುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿ, ತುಟಿಯ ಮೇಲೆ ಬೆರಳಿಟ್ಟು, ‘ರೂಹೆತ್ಸೈಟ್’ ಎಂದರು. ಸದ್ದು ಮಾಡಬಾರದ ಹೊತ್ತು ಎಂದರ್ಥ. ಈ ಜರ್ಮನಿಯಲ್ಲಿ ಭಾನುವಾರವಿಡೀ ಅಂಥ ಹೊತ್ತೇ. ಅರ್ಧಂಬರ್ಧ ರುಬ್ಬಿದ ಚಟ್ನಿಯಲ್ಲಿ ತೆಂಗಿನ ಚೂರು ಅಗಿಯುತ್ತಾ ದೋಸೆ ತಿಂದೆ.

ನಾನು ದೊಡ್ಡಬಳ್ಳಾಪುರದ ಮಗ್ಗದ ಬೀದಿಯವಳು. ಮನೆಯ ಮುಂದಿನ ಕೋಣೆಯಲ್ಲಿ ಅಪ್ಪನ ಪವರ್‌ಲೂಮ್, ಅದರ ಹಿಂದಿನ ಗೋಡೆಗೆ ಒತ್ತಿಕೊಂಡು ನಮ್ಮ ಹಾಸಿಗೆ. ನಮ್ಮಲ್ಲಿ ಮಕ್ಕಳು ಸದ್ದಿಗೆ ಏಳುವುದಿಲ್ಲ. ಕರೆಂಟ್ ಹೋಗಿ ಮಗ್ಗ ನಿಂತರೆ ಎದ್ದು ಅಳುತ್ತವೆ. ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸ್ ಕೆಲಸಕ್ಕೆಂದು ಇಲ್ಲಿಗೆ ಬಂದ ನನಗೆ ಭಾಷೆ ಹೇಗೋ ಬಂತು, ಇಲ್ಲಿನ ಹುಳಿ ಬ್ರೆಡ್ಡೂ ಗಂಟಲಲ್ಲಿ ಇಳಿಯಿತು. ನಿಶ್ಶಬ್ದ ಮಾತ್ರ ಒಗ್ಗಲಿಲ್ಲ. ಮಲಗಿದರೆ ಕಿವಿ ಏನನ್ನೋ ಹುಡುಕುತ್ತಿತ್ತು.

ಜೊತೆಗೆ ಹೊಟ್ಟೆನೋವು. ಮೈನೆರೆದಾಗಿನಿಂದ ಇದ್ದದ್ದೇ, ಊರಲ್ಲಿ ಅದಕ್ಕೆ ಹೆಸರಿರಲಿಲ್ಲ. “ಹೆಣ್ಣಾಗಿ ಹುಟ್ಟಿದ್ಮೇಲೆ ಇದೆಲ್ಲ ಇದ್ದಿದ್ದೇ ಕಣೇ, ಮೆಂತ್ಯ ನುಂಗಿ ನೀರು ಕುಡಿ” ಎನ್ನುತ್ತಿದ್ದಳು ಅಮ್ಮ. ಇಲ್ಲಿ ಹೆಸರಿಟ್ಟರು: ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯುವ ಕಾಯಿಲೆ. ಆಪರೇಷನ್ ಆಯಿತು, ನೋವು ಹೋಗಲಿಲ್ಲ. ನಿಂತಾಗ ಹೇಗೋ ತಡೆಯುತ್ತಿದ್ದೆ, ಕೂತರೆ ಜೀವ ಹೋಗುತ್ತಿತ್ತು. ವಿಮಾನದಲ್ಲಿ ಅಷ್ಟು ಹೊತ್ತು ಕೂರುವುದು ಹೇಗೆ? ಊರು ನೋಡದೆ ವರ್ಷಗಳೇ ಆಗಿದ್ದವು. ಅಮ್ಮ ಫೋನಿನಲ್ಲಿ ‘ಬಾ’ ಅನ್ನುವುದನ್ನೇ ಬಿಟ್ಟಿದ್ದಳು. ನನಗೆ ಹೆಚ್ಚು ನೋಯುತ್ತಿದ್ದುದು ಅದೇ.

ಡಾಕ್ಟರು ಹೇಳಿದರು: “ನಿಮ್ಮ ಮಿದುಳು ನೋವನ್ನು ಕಲಿತುಬಿಟ್ಟಿದೆ. ತಲೆಯ ಮೇಲೆ ಅಯಸ್ಕಾಂತದ ಯಂತ್ರ ಹಿಡಿದು ಮರೆಸಲು ನೋಡೋಣ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಎಲ್ಲರಿಗೂ ಗುಣವಾಗುತ್ತದೆಂದು ಮಾತು ಕೊಡಲಾರೆ.”

ಫೋನಿನಲ್ಲಿ ಹೇಳಿದಾಗ ಅಮ್ಮ ಗದರಿದಳು: “ನೋವು ಹೊಟ್ಟೇಲಿದ್ರೆ ತಲೆಗ್ಯಾಕೆ ಔಷ್ದಿ ಮಾಡ್ತಾರೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು ನಿನ್ ಕತೆ!”

ಕಾತ್ರಿನ್ ಎಂಬ ಸಹಾಯಕಿ ಒರಗುವ ಕುರ್ಚಿಯಲ್ಲಿ ಅರ್ಧ ಮಲಗಿಸಿ, ಕಿವಿಗೆ ಸ್ಪಂಜಿನ ಬಿರಡೆ ಇಟ್ಟು ಯಂತ್ರ ಹಾಕಿದಳು. ಟಕ ಟಕ ಟಕ. ಬೇರೆಯವರು ಈ ಸದ್ದಿಗೆ ಮುಖ ಕಿವುಚುತ್ತಾರಂತೆ. ಬಿರಡೆ ದಾಟಿ ಬಂದ ಸದ್ದಿಗೆ ನನ್ನ ಕಣ್ಣು ತುಂಬಿಕೊಂಡಿತು. ಅಪ್ಪನ ಮಗ್ಗ! ತುಸು ಹೊತ್ತಿನಲ್ಲೇ ನಿದ್ದೆ ಹೋದೆ.

ಕಾತ್ರಿನ್ ಭುಜ ತಟ್ಟಿದಳು. “ನಿಷ್ಟ್ ಐನ್‌ಷ್ಲಾಫೆನ್!” ನಿದ್ದೆಗೆ ಜಾರಬೇಡಿ. ಎಚ್ಚರವಾಗಿದ್ದರೇ ಚಿಕಿತ್ಸೆ ಸರಿಯಾಗಿ ನಾಟುವುದಂತೆ. ವಾರಗಟ್ಟಲೆ ಇದೇ ಆಯಿತು, ಸದ್ದು ನನ್ನನ್ನು ಮಲಗಿಸುವುದು, ಅವಳು ಎಬ್ಬಿಸುವುದು. ಕೊನೆಗೆ ನನ್ನ ಊರಿನ ಬಗ್ಗೆ ಕೇಳುತ್ತಾ ಕೂತಳು. ಹರಕು ಮುರುಕು ಜರ್ಮನ್ನಿನಲ್ಲಿ ಲಾಳಿ, ಜರಿ, ಸೀರೆಯ ಸೆರಗು ಎಂದೆಲ್ಲ ವಿವರಿಸುತ್ತಾ ಕಣ್ಣು ತೆರೆದಿಡುವುದನ್ನು ಕಲಿತೆ.

ನೋವು ಪೂರ್ತಿ ಹೋಗಲಿಲ್ಲ, ಕೂರುವಷ್ಟು ಇಳಿಯಿತು. ಟಿಕೆಟ್ ತೆಗೆದೆ.

ಊರಿನ ಬೀದಿ ತುಂಬಾ ಅದೇ ಸದ್ದು. ಮಧ್ಯಾಹ್ನ ಮುದ್ದೆ ಉಂಡ ಮೇಲೆ ಅಮ್ಮ ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿದಳು. “ಮಲಕ್ಕೋ ಮಗಾ.” ಎಷ್ಟು ವರ್ಷ ಬಯಸಿದ ನಿದ್ದೆ! ರೆಪ್ಪೆ ಮುಚ್ಚುತ್ತಿದ್ದಂತೆ ಕಣ್ಣು ತಾನಾಗಿ ತೆರೆದುಕೊಂಡಿತು. ಮತ್ತೆ ಮುಚ್ಚಿದೆ. ಮತ್ತೆ ತೆರೆಯಿತು.

“ಯಾಕೇ, ನೋಯ್ತಾ ಇದ್ಯಾ?”

“ಇಲ್ಲಮ್ಮ.”

ನಿಜಕ್ಕೂ ನೋವಿರಲಿಲ್ಲ. ಈ ಸದ್ದಿನಲ್ಲಿ ನಿದ್ದೆ ಮಾಡಬಾರದೆಂದು ನನ್ನ ಮೈ ಕಲಿತುಬಿಟ್ಟಿತ್ತು. ಅಮ್ಮನಿಗೆ ಹೇಗೆ ಹೇಳಲಿ?

ಅಷ್ಟರಲ್ಲಿ ಕರೆಂಟ್ ಹೋಯಿತು. ಬೀದಿಯ ಮಗ್ಗಗಳೆಲ್ಲ ನಿಂತವು. ಎದುರು ಮನೆಯಲ್ಲಿ ಕೂಸೊಂದು ಎದ್ದು ಅಳತೊಡಗಿತು. ಅಮ್ಮ ಸೆರಗಿನಿಂದ ನನಗೆ ಗಾಳಿ ಹಾಕುತ್ತಿದ್ದಳು. ಆಗ ನನಗೆ ನಿದ್ದೆ ಬಂತು.