ಇದ್ದಲಿನ ಲೆಕ್ಕದ ಮಾಸ್ತರರು

ಮೊನ್ನೆ ಮಾನ್ವಿಯ ನಮ್ಮ ಮನೆಯಲ್ಲಿ ಮೊಮ್ಮಗಳ ಕೂಸಿಗೆ ಎರೆದು, ಲೋಬಾನದ ಹೊಗೆ ಹಾಕಲು ಶೇಗಡಿಯಲ್ಲಿ ಇದ್ದಲು ಹೊತ್ತಿಸಿದರು. ಲೋಬಾನ ಬೀಳುವ ಮೊದಲು ಬರಿಯ ಇದ್ದಲಿನ ಒಂದು ವಾಸನೆ ಇರುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ, ನಾನು ರಾಯಚೂರಿನ ತವರುಮನೆಗೆ ಹೋಗಿಬಿಟ್ಟೆ. ಪಕ್ಕದ ಮನೆಯ ಮಾಸ್ತರರು ನೆನಪಾದರು.

ಅದು ನಿಜಾಮರ ಕಾಲ. ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮಾಸ್ತರರು ಕಲಿಸುತ್ತಿದ್ದ ರಸಾಯನಶಾಸ್ತ್ರವನ್ನು ಎಲ್ಲರೂ ಕೀಮಿಯಾ ಎನ್ನುತ್ತಿದ್ದರು. ದೇವದುರ್ಗದ ಕಡೆಯವರು, ಒಂಟಿ ಜೀವ. ಸಂಜೆ ನಮ್ಮ ಕಟ್ಟೆಯ ಮೇಲೆ ನನ್ನ ತಮ್ಮನಿಗೆ ಅದೇ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ನಾನು ಚೊಚ್ಚಲು ಬಸುರಿ, ಹೆರಿಗೆಗೆ ಬಂದಿದ್ದೆ. ಹೊರಗಿನ ಗಂಡಸರ ಎದುರಿಗೆ ಬರುವಂತಿರಲಿಲ್ಲ, ನಿಜ. ಆದರೆ ಕಿವಿಗೆ ಪರದೆ ಹಾಕುವವರು ಯಾರು? ಕಿಟಕಿಯ ಒಳಗೆ ಕೂತು ಜೋಳ ಹಸನು ಮಾಡುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

ಒಂದು ಸಂಜೆ ಇದ್ದಲು ಉರಿಯುವ ಪಾಠ ನಡೆದಿತ್ತು. ಇದ್ದಲು, ಗಾಳಿಯೊಳಗಿನ ಆಮ್ಲಜನಕ, ಅವೆರಡೂ ಕೂಡಿ ಹುಟ್ಟುವ ಎರಡು ಅನಿಲ. ಒಂದು ಸೋಡಾ ಬಾಟಲಿಯಲ್ಲಿ ಬುಸುಗುಡುವ ಅನಿಲ. ಇನ್ನೊಂದು ಗಾಳಿ ಸಾಲದಾದಾಗ ಹುಟ್ಟುವುದು, ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ವಿಷ. ಇವುಗಳ ನಡುವೆ ಏನೇನು ನಡೆಯಬಹುದೆಂದು ನನ್ನ ತಮ್ಮ ಸ್ಲೇಟಿನ ಮೇಲೆ ನಾಲ್ಕು ಸಮೀಕರಣ ಬರೆದು ಮೀಸೆ ತಿರುವಿದ. ಇನ್ನೂ ಮೀಸೆ ಬಂದಿರಲಿಲ್ಲ, ಆ ಮಾತು ಬೇರೆ.

"ನಾಕರಾಗ ಖರೇ ಎಷ್ಟಲೇ?" ಅಂದರು ಮಾಸ್ತರರು.

"ನಾಕೂ ಖರೇನ ಅದಾವಲ್ರೀ."

"ಖರೇ ಅದಾವ, ಆದ್ರ ಎಲ್ಲಾ ಬ್ಯಾರೆ ಬ್ಯಾರೆ ಅಲ್ಲ. ಸಾಮಾನು ನಾಕು, ಇದ್ದಲು, ಆಮ್ಲಜನಕ, ಎರಡು ಅನಿಲ. ಅವನ್ನ ಕಟ್ಟಿದ ಮೂಲವಸ್ತು ಇಂಗಾಲ, ಆಮ್ಲಜನಕ, ಎರಡ. ನಾಕರಾಗ ಎರಡು ಕಳಿ. ಉಳೀತು ಎರಡು, ಅಷ್ಟ ಸಮೀಕರಣ ತಮ್ಮ ಕಾಲ ಮ್ಯಾಲ ನಿಂತಾವು. ಮಿಕ್ಕಿದ್ದು ಅವುಗಳ ಹೆಗಲ ಮ್ಯಾಲ ಕುಂತಾವು."

ಎರಡನ್ನು ಅಳಿಸಿ, ಉಳಿದ ಎರಡನ್ನೇ ಕೂಡಿ ಕಳೆದು ಅಳಿಸಿದ್ದನ್ನು ಮತ್ತೆ ಹುಟ್ಟಿಸಿ ತೋರಿಸಿದರಂತೆ. ನನಗೆ ಸ್ಲೇಟು ಕಾಣುತ್ತಿರಲಿಲ್ಲ. ಆದರೂ ಅವತ್ತು ಯಾಕೋ ಬಹಳ ಖುಷಿಯಾಯಿತು. ಮನೆತುಂಬ ಗದ್ದಲ ಮಾಡುವವರಲ್ಲಿ ನಿಜವಾಗಿ ಜಗಳ ಆಡುವವರು ಇಬ್ಬರೇ ಇರುತ್ತಾರಲ್ಲ, ಹಾಗೆ.

ಆಮೇಲೆ ನನ್ನ ಹೆರಿಗೆಯಾಯಿತು. ಗಂಡುಕೂಸು. ಬಾಣಂತಿಗೆ ಗಾಳಿ ತಾಕಬಾರದು, ಮೈ ಬೆಚ್ಚಗಿರಬೇಕು ಎಂಬುದು ನಮ್ಮಲ್ಲಿ ಕಟ್ಟಾ ಪದ್ಧತಿ. ಮಲಗುವ ಹೊರಸಿನ ಕೆಳಗೆ ಕೆಂಡದ ಶೇಗಡಿ, ಕಿಟಕಿಯ ಸಂದಿಗೆ ಗೋಣಿಚೀಲ, ಬಾಗಿಲ ಬುಡಕ್ಕೆ ಅರಿವೆ. ಥಂಡಿಯ ದಿನ ಬೇರೆ. ನನಗೆ ತಲೆ ಸಿಡಿಯತೊಡಗಿತು, ವಾಂತಿ ಶುರುವಾಯಿತು. ಕೂಸು ಮೊಲೆ ಹಿಡಿಯದೆ ಸುಮ್ಮನೆ ತೂಕಡಿಸುತ್ತಿತ್ತು... ಅವ್ವ ದೃಷ್ಟಿ ಅಂದಳು, ಸೂಲಗಿತ್ತಿ ನಂಜು ಅಂದಳು. ಅಜ್ಜಿ ಮಾತ್ರ ಗಾಳಿ ಸೋಕಿದೆ ಎಂದು ಇನ್ನಷ್ಟು ಕೆಂಡ ಹಾಕಿಸಿದಳು. ನಾವಿಬ್ಬರೂ ಸಾಯುತ್ತಿದ್ದೆವು, ಪ್ರೀತಿಯಿಂದಲೇ ಸಾಯುತ್ತಿದ್ದೆವು.

ತಮ್ಮ ಇದನ್ನು ಪಾಠದ ನಡುವೆ ಸುಮ್ಮನೆ ಹೇಳಿದನಂತೆ. ಮಾಸ್ತರರು ಎದ್ದು ನಮ್ಮ ಕಿಟಕಿಯ ಹೊರಗೆ ಬಂದು ನಿಂತರು. ಮಂಪರಿನಲ್ಲೂ ಆ ದನಿ ನನಗೆ ಕೇಳಿಸಿತು.

"ಯವ್ವಾ, ಕಿಡಕಿ ತೆಗೀರಿ."

"ಬಾಣಂತಿ ಖೋಲಿ ಸುದ್ದಿ ನಿಮಗ್ಯಾಕ್ರೀ ಮಾಸ್ತರ?" ಅಜ್ಜಿ ಗದರಿದಳು. "ದೃಷ್ಟಿ, ಗಾಳಿ, ನಂಜು, ಏನೇನೋ ಕೂಡ್ಯಾವ ಕೂಸಿಗೆ."

"ಕಾರಣ ಎಷ್ಟರ ಹೇಳ್ರಿ, ತಮ್ಮ ಕಾಲ ಮ್ಯಾಲ ನಿಂತಿದ್ದು ಎರಡ. ಒಳಗ ಕೆಂಡ ಅದ, ಕಿಡಕಿ ಮುಚ್ಚೇದ. ಒಂದು ತೆಗೀರಿ, ಉಳಿದದ್ದೆಲ್ಲಾ ತಾನ ಬೀಳ್ತದ."

ಅಜ್ಜಿ ಜಗ್ಗಲಿಲ್ಲ. ಮಾಸ್ತರರು ಮತ್ತೆ ಮಾತಾಡಿದಾಗ ದನಿ ಇಳಿದಿತ್ತು.

"ದೇವದುರ್ಗದಾಗ ನಮ್ಮ ಮನಿಯಾಗೂ ಹಿಂಗ ಮುಚ್ಚಿದ್ರು, ಯವ್ವಾ. ನನ್ನ ಹೆಂಡ್ತಿ, ಕೂಸು, ಇಬ್ಬರೂ ಏಳಲಿಲ್ಲ. ನಾ ಕೀಮಿಯಾ ಓದಿದಾವ, ನನಗ ಗೊತ್ತಿತ್ತು. ಹಿರ್ಯಾರ ಮುಂದ ಬಾಯಿ ಬಿಡಲಿಲ್ಲ."

ಗೋಣಿಚೀಲ ಜಗ್ಗುವ ಸಪ್ಪಳ ಕೇಳಿಸಿತು. ಅಜ್ಜಿಯೇ ಎಳೆಯುತ್ತಿದ್ದಳು, ಅಳುತ್ತ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಎಷ್ಟೋ ಹೊತ್ತಿನ ಮೇಲೆ ಕೂಸು ಕಿಟಾರನೆ ಕಿರುಚಿತು. ಅಂಥ ಸವಿಯಾದ ಅಳು ನಾನು ಮತ್ತೆ ಕೇಳಿಲ್ಲ.

ಬಾಣಂತನ ಮುಗಿಸಿ ಮಾನ್ವಿಗೆ ಬಂದೆ. ಮುಂದಿನ ಸಲ ತವರಿಗೆ ಹೋದಾಗ ಪಕ್ಕದ ಮನೆಗೆ ಬೀಗ. ವರ್ಗವಾಯಿತೆಂದರು. ಆಮೇಲೆ ರಜಾಕಾರರ ಗಲಾಟೆ, ಊರು ಬಿಟ್ಟವರೆಷ್ಟೋ, ಮರಳದವರೆಷ್ಟೋ... ಮಾಸ್ತರರ ಸುದ್ದಿ ಯಾರಿಂದಲೂ ಸಿಗಲಿಲ್ಲ. ಅವರ ಮುಖವನ್ನು ನಾನು ಒಮ್ಮೆಯೂ ಸರಿಯಾಗಿ ನೋಡಲಿಲ್ಲ. ಕೂಸನ್ನು ಒಯ್ದು ಅವರ ತೊಡೆಯ ಮೇಲೆ ಹಾಕಬೇಕಿತ್ತು. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಮೊನ್ನೆ ಲೋಬಾನದ ಹೊಗೆ ಏಳುತ್ತಿದ್ದಂತೆ ನನ್ನ ಮಗ, ಈಗ ಅವನೇ ತಾತ, ತಲೆಗೂದಲೆಲ್ಲ ಬೆಳ್ಳಗಾಗಿದೆ, ಎದ್ದು ಹೋಗಿ ಕಿಟಕಿ ಮುಚ್ಚಿದ.

"ಕೂಸಿಗೆ ಗಾಳಿ ಆಗ್ತದವ್ವಾ," ಅಂದ.

"ತೆಗಿಯೋ," ಅಂದೆ. "ಆ ಗಾಳಿಯಿಂದನ ನೀ ಬದುಕಿ ಇಲ್ಲಿ ನಿಂತೀ."